ಮಡಿಕೇರಿ ಮಳೆಗಾಲದಲ್ಲಿ ಸೈಕ್ಲಮೆನ್ ಗೆಡ್ಡೆ ಉಳಿಸಿಕೊಳ್ಳುವುದು ಹೇಗೆ?

ಮಂಜಿನಮನೆ, ಮಡಿಕೇರಿ – ಜೂನ್ 24

ಎಲ್ಲರಿಗೂ ನಮಸ್ಕಾರ. ಆರಿದ್ರ ಮಳೆ ಶುರುವಾಗಿದೆ. ನಾಲ್ಕು ದಿನದಿಂದ ಬಟ್ಟೆ ಒಣಗಿಲ್ಲ. ಆದರೆ ನನ್ನ ಚಿಂತೆ ಬಟ್ಟೆಯದಲ್ಲ, ಒಂದು ಗೆಡ್ಡೆಯದು.

ಸೈಕ್ಲಮೆನ್ ನೋಡದವರಿಗೆ ಹೇಳುತ್ತೇನೆ. ಎಲೆ ವೀಳ್ಯದೆಲೆಯ ಹಾಗೆ, ಹಸಿರಿನ ಮೇಲೆ ಬೆಳ್ಳಿ ಬಣ್ಣದ ಚಿತ್ತಾರ. ಹೂವಿನ ದಂಟು ನೆಟ್ಟಗೆ ಮೇಲೆ ಬಂದು ತುದಿಯಲ್ಲಿ ಬಾಗುತ್ತದೆ. ಹೂವಿನ ಬಾಯಿ ನೆಲ ನೋಡುತ್ತದೆ, ಎಸಳುಗಳು ಮಾತ್ರ ಹಿಂದಕ್ಕೆ ಮಡಚಿ ಮೇಲೆ ನಿಲ್ಲುತ್ತವೆ. ಓಡುವ ಕರು ಕಿವಿ ಹಿಂದಕ್ಕೆ ಮಾಡುತ್ತದಲ್ಲ, ಹಾಗೆ. ಚಳಿಗಾಲದಲ್ಲಿ ಕಿಟಕಿ ಪಕ್ಕ ಒಂದು ಕುಂಡ ಇಟ್ಟರೆ ಇಡೀ ಕೋಣೆಗೆ ಬೆಳಕು ಬಂದ ಹಾಗಿರುತ್ತದೆ.

ಇದು ನನ್ನ ಮೂರನೇ ಗಿಡ. ಮೊದಲನೆಯದನ್ನು ಮೂರು ವರ್ಷದ ಹಿಂದೆ ಜನವರಿಯಲ್ಲಿ ಊಟಿಯಿಂದ ತಂದಿದ್ದೆ. ಮಾರ್ಚ್ ತನಕ ಚೆನ್ನಾಗಿ ಹೂ ಬಿಟ್ಟಿತು. ಏಪ್ರಿಲ್‌ನಲ್ಲಿ ಎಲೆ ಹಳದಿಯಾಗತೊಡಗಿತು. ನೀರು ಸಾಲದೇನೋ ಅಂದುಕೊಂಡು ಜಾಸ್ತಿ ಹಾಕಿದೆ. ಜೂನ್‌ನಲ್ಲಿ ಜಗಲಿಯಲ್ಲೇ ಇತ್ತು, ಎರಚಲು ಬಡಿಯಿತು. ಜುಲೈಯಲ್ಲಿ ಗೆಡ್ಡೆ ಮುಟ್ಟಿದರೆ ಕೊಳೆತ ಆಲೂಗಡ್ಡೆ. ವಾಸನೆ ಕೂಡ ಹಾಗೇ.

ಎರಡನೆಯದಕ್ಕೆ ಆ ಗತಿ ಬರಬಾರದು ಅಂತ ಮೇ ಕೊನೆಗೆ ಗೆಡ್ಡೆಯನ್ನು ಮಣ್ಣಿನಿಂದ ತೆಗೆದು, ಕಾಗದದಲ್ಲಿ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೂಷ್ಟು ಹಿಡಿಯದ ಜಾಗ ಅದೊಂದೇ. ಸೆಪ್ಟೆಂಬರಿನಲ್ಲಿ ಬಿಚ್ಚಿ ನೋಡಿದರೆ ಗೆಡ್ಡೆ ಒಣಗಿದ ಅಡಿಕೆ ಸಿಪ್ಪೆಯಷ್ಟು ಹಗುರ. ನೀರಲ್ಲಿ ನೆನೆಸಿದೆ, ಎರಡು ತಿಂಗಳು ಕಾದೆ. ಏಳಲಿಲ್ಲ. ಒಂದು ಒದ್ದೆಯಾಗಿ ಸತ್ತಿತು, ಇನ್ನೊಂದು ಒಣಗಿ ಸತ್ತಿತು.

ಈಗಿನದು ಈ ಜನವರಿಯದು, ಬಿಳಿ ಎಸಳಿಗೆ ಗುಲಾಬಿ ಅಂಚು. ಕುಂಡ ಒಳಗಿನ ಕೋಣೆಯಲ್ಲಿದೆ. ಮೂರು ವಾರದಿಂದ ನೀರು ಕೊಟ್ಟಿಲ್ಲ. ಎರಡು ಎಲೆ ಬಿಟ್ಟು ಉಳಿದದ್ದೆಲ್ಲ ಉದುರಿದೆ. ಆದರೆ ನಿನ್ನೆ ನೋಡಿದರೆ ಗೆಡ್ಡೆಯ ನೆತ್ತಿಯಲ್ಲಿ ಗುಂಡುಸೂಜಿ ತಲೆಯಷ್ಟು ಎರಡು ಚಿಗುರು ಕಾಣುತ್ತಿದೆ. ನೀರು ಕೊಡಬೇಕಾ, ಬೇಡವಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಇದನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಗದ್ದೆಬದಿ, ವಿರಾಜಪೇಟೆ – ಜೂನ್ 24

ನೀರು ಕೊಡಬೇಡಿ. ಮೊದಲು ಹೆಬ್ಬೆರಳಿನಿಂದ ಗೆಡ್ಡೆಯನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದೆಯಾ? ಗಟ್ಟಿ ಇದ್ದರೆ ಗಿಡ ಕ್ಷೇಮ. ಅದರ ಹೊಟ್ಟೆಯಲ್ಲಿ ಬೇಕಾದಷ್ಟು ನೀರಿದೆ.

ನಾನು ಒಂಬತ್ತು ವರ್ಷದಿಂದ ಇದನ್ನು ಬೆಳೆಸುತ್ತಿದ್ದೇನೆ. ಶುರುವಿನ ನಾಲ್ಕು ವರ್ಷ ನಿಮ್ಮ ಹಾಗೇ ಕಳೆದುಕೊಂಡೆ. ಈ ಗಿಡದ ಊರು ಯಾವುದು ಅಂತ ತಿಳಿದುಕೊಂಡ ಮೇಲೆ ಕೈ ಹತ್ತಿತು. ನಾವು ಕುಂಡದಲ್ಲಿ ಬೆಳೆಸುವುದು ಸೈಕ್ಲಮೆನ್ ಪರ್ಸಿಕಮ್ ಜಾತಿಯಿಂದ ಬಂದದ್ದು. ಹೆಸರಲ್ಲಿ ಪರ್ಷಿಯಾ ಇದೆ, ಆದರೆ ಅದರ ಕಾಡು ಊರು ಇರಾನ್ ಅಲ್ಲ. ಟರ್ಕಿಯ ದಕ್ಷಿಣ, ಸಿರಿಯಾ, ಲೆಬನಾನ್, ಇಸ್ರೇಲ್ ಕಡೆಯ ಕಲ್ಲುಗುಡ್ಡಗಳು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹನಿ ಬೀಳುವುದಿಲ್ಲ. ಹಾಗಾಗಿ ಈ ಗಿಡ ಬೇಸಿಗೆ ಪೂರ್ತಿ ಎಲೆ ಉದುರಿಸಿ, ಕಲ್ಲಿನ ಸಂದಿಯಲ್ಲಿ ಗೆಡ್ಡೆಯಾಗಿ ಮಲಗುತ್ತದೆ. ಮೊದಲ ಮಳೆ ಬಿದ್ದು ತಂಪಾದಾಗ ಏಳುತ್ತದೆ.

ಈಗ ನಮ್ಮ ಊರು ನೋಡಿ. ಮಡಿಕೇರಿ ಸುಮಾರು 1170 ಮೀಟರ್ ಎತ್ತರ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಆ ಗಿಡ ಒಣಗಿ ಮಲಗಬೇಕಾದ ತಿಂಗಳುಗಳಲ್ಲೇ ನಮ್ಮಲ್ಲಿ ಆಕಾಶ ತೂತು ಬಿದ್ದಿರುತ್ತದೆ. ಎಲ್ಲರೂ ಹೇಳುತ್ತಾರೆ, ಕೊಡಗು ತಂಪು, ತಂಪಿನ ಗಿಡ ಸುಲಭವಾಗಿ ಬರುತ್ತದೆ ಅಂತ. ನಮ್ಮ ತಂಪು ಒದ್ದೆ ತಂಪು. ಈ ಗಿಡಕ್ಕೆ ಬೇಕಾದ್ದು ಒಣ ನಿದ್ದೆ, ಆಮೇಲೆ ತಂಪಿನ ಎಚ್ಚರ.

ನಿಮ್ಮ ಗುಂಡುಸೂಜಿ ಚಿಗುರಿಗೂ ಇದೇ ಕಾರಣ. ಏಪ್ರಿಲ್‌ನಲ್ಲಿ ನಮ್ಮ ಕಡೆ ಹಗಲು 29–30 ಡಿಗ್ರಿ ಮುಟ್ಟುತ್ತದೆ. ಈಗ ಮಳೆ ಹಿಡಿದರೆ ಹಗಲಲ್ಲೂ 21ರ ಹತ್ತಿರ. ಗೆಡ್ಡೆಗೆ ಕ್ಯಾಲೆಂಡರ್ ಗೊತ್ತಿಲ್ಲ. ಬಿಸಿಲು ಹೋಯ್ತು, ತಂಪಾಯ್ತು, ನಮ್ಮ ಕಾಲ ಬಂತು ಅಂತ ಅದು ಕಣ್ಣು ಬಿಡುತ್ತದೆ. ನೀವು ಈಗ ನೀರು ಕೊಟ್ಟರೆ ಅದಕ್ಕೆ ಖಾತ್ರಿಯಾಗಿ ಬಿಡುತ್ತದೆ. ಕೈಲ್ ಪೊಳ್ದ್ ತನಕ, ಅಂದರೆ ಸೆಪ್ಟೆಂಬರ್ ಮೊದಲಿಗೆ ಬರುವ ನಮ್ಮ ಕೊಡಗಿನ ಹಬ್ಬದ ತನಕ, ಹಾಗೇ ಬಿಡಿ.

ಮಂಜಿನಮನೆ, ಮಡಿಕೇರಿ – ಜೂನ್ 25

ಒತ್ತಿ ನೋಡಿದೆ ಸರ್. ಗಟ್ಟಿ ಇದೆ, ಹಸಿ ಬೀಟ್ರೂಟ್ ಹಾಗೆ. ಬಹಳ ಸಮಾಧಾನವಾಯಿತು. ಒಲೆ ಮೇಲೆ ಇಟ್ಟದ್ದು ಯಾಕೆ ತಪ್ಪಾಯಿತು? ಒಣ ನಿದ್ದೆ ಅಂದರೆ ಅದೇ ಅಲ್ವಾ?

ಗದ್ದೆಬದಿ, ವಿರಾಜಪೇಟೆ – ಜೂನ್ 25

ಒಲೆಯ ಮೇಲೆ ದಿನವೂ ಬಿಸಿ ಹೊಗೆ. ಅದು ಮೆಣಸಿನಕಾಯಿಗೆ ಸರಿ, ಬೇರಿರುವ ಗೆಡ್ಡೆಗೆ ಅಲ್ಲ. ಇದು ಡೇಲಿಯಾ ಅಲ್ಲ, ಗ್ಲಾಡಿಯೋಲಸ್ ಕೂಡ ಅಲ್ಲ. ಮಲಗಿದಾಗಲೂ ಇದರ ದಪ್ಪ ಬೇರುಗಳು ಸ್ವಲ್ಪ ಜೀವ ಇಟ್ಟುಕೊಂಡಿರುತ್ತವೆ. ಮಣ್ಣಿನಿಂದ ಕಿತ್ತರೆ ಅವೂ ಹೋಗುತ್ತವೆ. ಹಾಗಾಗಿ ಕೀಳಬೇಡಿ. ಅದೇ ಕುಂಡದಲ್ಲಿ, ಅದೇ ಒಣ ಮಣ್ಣಿನಲ್ಲಿ, ನೆರಳಿನ ಕೋಣೆಯಲ್ಲಿ ಇರಲಿ. ಕುಂಡವನ್ನು ನೆಲದ ಮೇಲೆ ಇಡಬೇಡಿ. ನಮ್ಮ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಮರದ ಸ್ಟೂಲ್ ಮೇಲೆ, ಗೋಡೆಯಿಂದ ಒಂದು ಗೇಣು ದೂರ.

ಶಾಂತಳ್ಳಿ ಮಳೆ, ಸೋಮವಾರಪೇಟೆ ತಾಲ್ಲೂಕು – ಜೂನ್ 27

ಸರ್ ಹೇಳಿದ್ದನ್ನು ಪೂರ್ತಿ ಒಪ್ಪಲು ನನಗೆ ಆಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಗಿಡ ತಾನಾಗಿ ಏಳುತ್ತಿದ್ದರೆ ತಡೆಯುವುದು ಯಾಕೆ? ನಮ್ಮ ಮನೆಯಲ್ಲಿ ನಾಲ್ಕು ಗಿಡ ಇದೆ. ನಾನು ಮಳೆಗಾಲದಲ್ಲೂ ನೀರು ಪೂರ್ತಿ ನಿಲ್ಲಿಸುವುದಿಲ್ಲ. ಹತ್ತು–ಹನ್ನೆರಡು ದಿನಕ್ಕೊಮ್ಮೆ ತಟ್ಟೆಯಲ್ಲಿ ಎರಡು ಚಮಚ, ಅಷ್ಟೇ. ಕೆಲವು ಎಲೆ ವರ್ಷ ಪೂರ್ತಿ ಉಳಿಯುತ್ತವೆ. ಪುಟ್ಟ ಟೇಬಲ್ ಫ್ಯಾನ್ ದಿನಕ್ಕೆ ಮೂರು ಗಂಟೆ ದೂರದಿಂದ ಓಡಿಸುತ್ತೇನೆ. ಮೇಲೆ ಒಂದು ಬಿಳಿ ಎಲ್‌ಇಡಿ ಬಲ್ಬ್. ಕರೆಂಟ್ ಇದ್ದಾಗ ಮಾತ್ರ, ನಮ್ಮ ಕಡೆ ಮರ ಬಿದ್ದರೆ ಮೂರು ದಿನ ಕತ್ತಲೆ.

ಕೊಳೆಯುವುದು ನೀರಿನಿಂದ ಮಾತ್ರ ಅಲ್ಲ, ಗಾಳಿ ಆಡದ್ದರಿಂದ. ಹೊರಗೆ ಎಷ್ಟೇ ಮಳೆ ಇರಲಿ, ಗಾಳಿ ಆಡುವ ಗುಡ್ಡದ ಗಿಡ ಕೊಳೆಯುವುದಿಲ್ಲ. ಮುಚ್ಚಿದ ಕೋಣೆಯ ಗಿಡ ಕೊಳೆಯುತ್ತದೆ.

ಗದ್ದೆಬದಿ, ವಿರಾಜಪೇಟೆ – ಜೂನ್ 27

ಬೇಜಾರು ಯಾಕೆ? ಗಾಳಿಯ ಮಾತು ನೂರಕ್ಕೆ ನೂರು ಸರಿ. ನಾನು ಹೇಳುವುದು ಬೆಳಕಿನ ವಿಷಯ. ಜುಲೈ, ಆಗಸ್ಟ್‌ನಲ್ಲಿ ನಮ್ಮ ಮನೆಗಳ ಒಳಗೆ ಮಧ್ಯಾಹ್ನವೂ ದೀಪ ಹಾಕಬೇಕು. ಆ ಬೆಳಕಿನಲ್ಲಿ ಹುಟ್ಟಿದ ಎಲೆಯ ತೊಟ್ಟು ಉದ್ದಕ್ಕೆ ಎಳೆದು, ಪೇಲವವಾಗಿ ಮಗುಚಿ ಬೀಳುತ್ತದೆ. ಬಿದ್ದ ಎಲೆ ಗೆಡ್ಡೆಯ ನೆತ್ತಿಗೆ ಅಂಟಿತು ಅಂದರೆ ಬೂದಿ ಬಣ್ಣದ ಬೂಷ್ಟು ಬರುತ್ತದೆ. ಬೊಟ್ರೈಟಿಸ್ ಅಂತ ಅದರ ಹೆಸರು. ಅದಕ್ಕೆ ತಂಪು, ಒದ್ದೆ, ನಿಂತ ಗಾಳಿ, ಮೂರೂ ಇಷ್ಟ. ನಮ್ಮ ಆಷಾಢದಲ್ಲಿ ಮೂರೂ ಇದೆ.

ಕಾಫಿ ತೋಟ ಇರುವವರಿಗೆ ಇದು ಹೊಸದಲ್ಲ. ಮಳೆ ಬಿಡದೆ ಹಿಡಿದಾಗ ನೆರಳು ಜಾಸ್ತಿ ಇರುವ ಕಡೆ ಕೊಳೆರೋಗ ಬಂದು ಎಲೆ, ಕಾಯಿ ಕಪ್ಪಾಗಿ ನೂಲಿನಲ್ಲಿ ಜೋತಾಡುತ್ತದಲ್ಲ? ಅದು ಬೇರೆ ಶಿಲೀಂಧ್ರ, ಆದರೆ ಬರುವ ದಾರಿ ಒಂದೇ. ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೇ ನಮ್ಮ ಕನ್ನಡದ ಕೊಳೆರೋಗ ಅನ್ನುವ ಪದ ಇದೆ. ಲೋಕಕ್ಕೇ ಕೊಳೆಯುವುದರ ಹೆಸರು ಕೊಟ್ಟ ನಾಡು ನಮ್ಮದು. ಆ ನಾಡಿನಲ್ಲಿ ಜುಲೈಯಲ್ಲಿ ಮೆದು ಎಲೆ ಹುಟ್ಟಿಸಲು ನನಗೆ ಧೈರ್ಯ ಬರುವುದಿಲ್ಲ.

ನೀವು ಈ ವರ್ಷವೂ ನಿಮ್ಮ ಕ್ರಮದಲ್ಲೇ ಮಾಡಿ. ಜನವರಿಯಲ್ಲಿ ಇಬ್ಬರೂ ಬಂದು ಇಲ್ಲಿ ಬರೆಯೋಣ.

ಹೊಳೆದಂಡೆ, ಕುಶಾಲನಗರ – ಜುಲೈ 2

ಅಕ್ಕ, ನಿಮ್ಮ ಊರಿಗೂ ನಮ್ಮ ಊರಿಗೂ ಬಸ್ಸಿನಲ್ಲಿ ಒಂದು ಗಂಟೆ. ಆದರೆ ಗಿಡಕ್ಕೆ ಬೇರೆ ದೇಶವೇ ಸರಿ. ನಾವು ನಿಮಗಿಂತ 300 ಮೀಟರ್ ಕೆಳಗಿದ್ದೇವೆ. ಮಳೆ ಮೂರರಲ್ಲಿ ಒಂದು ಪಾಲು ಇರಬಹುದು. ನನ್ನ ಗೆಡ್ಡೆ ಮಳೆಗಾಲದಲ್ಲಿ ಆರಾಮಾಗಿ ಮಲಗುತ್ತದೆ. ನನ್ನ ಕಷ್ಟ ಹೂ ಬಿಡುವ ಕಾಲದ್ದು. ಹೋದ ಜನವರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೊಗ್ಗು ಬಂತು, ಮುಕ್ಕಾಲು ಪಾಲು ಎಲೆಯ ಕೆಳಗೇ ಒಣಗಿ ಕಂದಾಯಿತು. ಅರಳಿದ್ದು ಐದು.

ಗದ್ದೆಬದಿ, ವಿರಾಜಪೇಟೆ – ಜುಲೈ 2

ರಾತ್ರಿ ಎಲ್ಲಿಡುತ್ತೀರಿ? ಮೊಗ್ಗು ನಿಲ್ಲಬೇಕಾದರೆ ಹಗಲು 20ರ ಕೆಳಗಿದ್ದರೆ ಒಳ್ಳೆಯದು, ರಾತ್ರಿ 10ರಿಂದ 15. ಜನವರಿ ರಾತ್ರಿ ನಿಮ್ಮಲ್ಲೂ ಹೊರಗೆ ಅಷ್ಟು ಚಳಿ ಇರುತ್ತದೆ. ಆದರೆ ಟಿವಿ, ಫ್ರಿಡ್ಜ್ ಇರುವ ಮುಚ್ಚಿದ ಹಾಲ್‌ನಲ್ಲಿ ಇರುವುದಿಲ್ಲ.

ಹೊಳೆದಂಡೆ, ಕುಶಾಲನಗರ – ಜುಲೈ 3

ಹಾಲ್‌ನಲ್ಲೇ ಇತ್ತು ಸರ್. ಟಿವಿ ಪಕ್ಕ. ನೋಡಲು ಚೆಂದ ಅಂತ ಇಟ್ಟಿದ್ದೆವು.

ಗದ್ದೆಬದಿ, ವಿರಾಜಪೇಟೆ – ಜುಲೈ 3

ರಾತ್ರಿ ಹಿತ್ತಲ ಜಗಲಿಗೆ ತನ್ನಿ, ಬೆಳಿಗ್ಗೆ ಬಿಸಿಲು ಏರುವ ಮೊದಲು ಒಳಗೆ ಇಡಿ. ಪೂರ್ವದ ಕಿಟಕಿ ಸಾಕು, ಒಂಬತ್ತು ಗಂಟೆಯ ಮೇಲಿನ ನೇರ ಬಿಸಿಲು ಬೇಡ. ಇನ್ನೊಂದು ಉಪಾಯ ಇದೆ. ಬಣ್ಣ ಹಚ್ಚದ ಮಣ್ಣಿನ ಕುಂಡದಲ್ಲಿ ಗಿಡ ಇರಲಿ. ಅದನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ಮಾತ್ರ ಸ್ವಲ್ಪ ನೀರು ಹಾಕಿ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಹಾಗೆ ಬೇರು ತಣ್ಣಗಿರುತ್ತದೆ. ಗಾಳಿ ಒಣಗಿರುವ ನಿಮ್ಮ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಮರಳು ಒದ್ದೆ ಒದ್ದೆಯಾಗಿದ್ದರೆ ಒಳಗಿನ ಮಣ್ಣಿಗೂ ನೀರು ಇಳಿಯುತ್ತದೆ, ಅದಕ್ಕೇ ಸ್ವಲ್ಪ ಅಂದೆ.

ಬೆಕ್ಕಿನಮನೆ, ಗೋಣಿಕೊಪ್ಪ – ಜುಲೈ 9

ನಡುವೆ ಒಂದು ಮಾತು. ಮನೆಯಲ್ಲಿ ಬೆಕ್ಕು, ನಾಯಿಮರಿ ಇದ್ದವರು ಈ ಗಿಡವನ್ನು ಎಟುಕದ ಕಡೆ ಇಡಿ. ಇದರಲ್ಲಿ ಸಪೋನಿನ್ ಅನ್ನುವ ವಿಷದ ಅಂಶ ಇದೆ, ಗೆಡ್ಡೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಎಲೆ ಕಚ್ಚಿದರೆ ಜೊಲ್ಲು, ವಾಂತಿ, ಭೇದಿ. ಗೆಡ್ಡೆಯನ್ನೇ ತಿಂದರೆ ಜೀವಕ್ಕೂ ಅಪಾಯ. ನಮ್ಮ ನಾಯಿಮರಿಗೆ ಮಣ್ಣು ಕೆದಕಿ ಸಿಕ್ಕಿದ್ದನ್ನು ಅಗಿಯುವ ಅಭ್ಯಾಸ. ಒಂದು ದಿನ ಕುಂಡ ಮಗುಚಿತ್ತು, ಗೆಡ್ಡೆಯಲ್ಲಿ ಹಲ್ಲಿನ ಗುರುತು. ಕೂಡಲೇ ಪಶುವೈದ್ಯರ ಹತ್ತಿರ ಓಡಿದೆವು, ಉಳಿಯಿತು. ಅಂದಿನಿಂದ ಕುಂಡ ಗೋಡೆಯ ಎತ್ತರದ ಹಲಗೆಯ ಮೇಲಿದೆ. ಗೆಡ್ಡೆ ಮಲಗಿದಾಗ ಖಾಲಿ ಕುಂಡ ಅಂತ ತಿಳಿದು ನೆಲಕ್ಕೆ ಇಳಿಸಬೇಡಿ. ಆಗಲೇ ಅಪಾಯ ಜಾಸ್ತಿ.

ಮಂಜಿನಮನೆ, ಮಡಿಕೇರಿ – ಆಗಸ್ಟ್ 4

ನಿನ್ನೆ ಕಕ್ಕಡ 18, ನಮ್ಮಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಮದ್ದುಸೊಪ್ಪಿನ ಪಾಯಸ ಮಾಡಿ, ಗೆಡ್ಡೆ ನೋಡಲು ಹೋದೆ. ಇನ್ನೂ ಗಟ್ಟಿ ಇದೆ. ಉಳಿದ ಎರಡು ಎಲೆಯೂ ಬಿದ್ದವು. ಆ ಎರಡು ಚಿಗುರು ಜೂನ್‌ನಲ್ಲಿ ಇದ್ದಷ್ಟೇ ಇವೆ, ಮುಂದೆ ಬಂದಿಲ್ಲ, ಒಣಗಿಯೂ ಇಲ್ಲ. ಕಾಯುತ್ತಿವೆ. ಹದಿನೈದು ದಿನಕ್ಕೊಮ್ಮೆ ಒಂದು ಚಮಚ ನೀರನ್ನು ಕುಂಡದ ಅಂಚಿಗೆ ಮಾತ್ರ ಹಾಕಿದ್ದೇನೆ, ಎರಡನೇ ಗಿಡದ ನೆನಪು ಬಿಡುವುದಿಲ್ಲ. ಫ್ಯಾನ್ ಕೂಡ ಹಾಕಿದೆ. ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದ ಹಾಗಾಯಿತು.

ಶಾಂತಳ್ಳಿ ಮಳೆ, ಸೋಮವಾರಪೇಟೆ ತಾಲ್ಲೂಕು – ಆಗಸ್ಟ್ 19

ಬರೆಯಲು ಮನಸ್ಸಾಗುತ್ತಿಲ್ಲ, ಆದರೂ ಬರೆಯಬೇಕು. ಎರಡು ಗಿಡ ಹೋಯಿತು. ಆಶ್ಲೇಷ ಮಳೆಯಲ್ಲಿ ಆರು ದಿನ ಕರೆಂಟ್ ಇರಲಿಲ್ಲ. ಫ್ಯಾನ್ ಇಲ್ಲ, ಬಲ್ಬ್ ಇಲ್ಲ. ಏಳನೇ ದಿನ ನೋಡಿದರೆ ಎಲೆಗಳ ನಡುವೆ ಬೂದಿ ಬಣ್ಣದ ಹತ್ತಿ. ಊದಿದರೆ ಹೊಗೆಯ ಹಾಗೆ ಹಾರುತ್ತದೆ. ಒಂದರಲ್ಲಿ ಗೆಡ್ಡೆಯ ನೆತ್ತಿಯೇ ಮೆತ್ತಗಾಗಿತ್ತು. ಇನ್ನೊಂದನ್ನು ಉಳಿಸಲು ಕೊಳೆತದ್ದನ್ನು ಕೆತ್ತಿ ಬೂದಿ ಹಚ್ಚಿದೆ, ಆಗಲಿಲ್ಲ. ಉಳಿದ ಎರಡು ಚೆನ್ನಾಗಿವೆ, ಹೊಸ ಎಲೆ ಕೂಡ ಬಂದಿದೆ. ನನ್ನ ಕ್ರಮ ಕರೆಂಟಿನ ಮೇಲೆ ನಿಂತಿದೆ ಅಂತ ಈಗ ಗೊತ್ತಾಯಿತು.

ಗದ್ದೆಬದಿ, ವಿರಾಜಪೇಟೆ – ಆಗಸ್ಟ್ 19

ಬಹಳ ಬೇಸರವಾಯಿತು. ಹೋದ ಗಿಡಗಳ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ. ಕುಂಡವನ್ನು ಕುದಿನೀರಲ್ಲಿ ತೊಳೆದು ಬಿಸಿಲು ಬಂದಾಗ ಒಣಗಿಸಿ. ಉಳಿದ ಎರಡರಲ್ಲಿ ಹಳದಿಯಾದ ಎಲೆ ಇದ್ದರೆ ಕತ್ತರಿ ಹಾಕಬೇಡಿ. ತೊಟ್ಟನ್ನು ಬುಡದಲ್ಲಿ ಹಿಡಿದು, ಸ್ವಲ್ಪ ತಿರುಚಿ, ಒಮ್ಮೆಗೇ ಎಳೆಯಿರಿ. ಗೆಡ್ಡೆಯಿಂದ ಪೂರ್ತಿ ಕಳಚಿ ಬರುತ್ತದೆ. ಕತ್ತರಿಸಿದರೆ ಉಳಿಯುವ ತುಂಡು ಕೊಳೆಯುತ್ತದೆ, ಬೂಷ್ಟು ಒಳಗೆ ಇಳಿಯುವುದು ಅಲ್ಲಿಂದಲೇ.

ಕಾಫಿಹೂ, ಬೆಂಗಳೂರು – ಆಗಸ್ಟ್ 22

ನಾನು ಪೊನ್ನಂಪೇಟೆಯವಳು, ಈಗ ಬೆಂಗಳೂರಿನ ಫ್ಲ್ಯಾಟ್‌ನಲ್ಲಿದ್ದೇನೆ. ಇಲ್ಲಿ ಡಿಸೆಂಬರಿನಲ್ಲಿ ನರ್ಸರಿಗಳಲ್ಲಿ ಸೈಕ್ಲಮೆನ್ ಬರುತ್ತದೆ. ತರಬಹುದಾ? ಮನೆಯಲ್ಲಿ ಅವ್ವ ಬೆಳೆಸುವ ಆಂಥೂರಿಯಂ ಒಂದೇ ನನಗೆ ಗೊತ್ತಿರುವುದು.

ಗದ್ದೆಬದಿ, ವಿರಾಜಪೇಟೆ – ಆಗಸ್ಟ್ 22

ತನ್ನಿ. ಡಿಸೆಂಬರ್, ಜನವರಿ ಎರಡು ತಿಂಗಳು ಹೂ ನೋಡಬಹುದು. ಕೊಳ್ಳುವಾಗ ಪೂರ್ತಿ ಅರಳಿದ್ದನ್ನು ಬಿಟ್ಟು, ಎಲೆಗಳನ್ನು ಸರಿಸಿ ಕೆಳಗೆ ಮೊಗ್ಗು ತುಂಬಿದ್ದನ್ನು ಆರಿಸಿ. ಆಂಥೂರಿಯಂ ಕ್ರಮ ಮಾತ್ರ ಮರೆತುಬಿಡಿ. ಅದಕ್ಕೆ ಬೆಚ್ಚಗೆ, ತೇವ, ಎಲೆಗೆ ನೀರು ಚಿಮುಕಿಸುವುದು ಬೇಕು. ಇದಕ್ಕೆ ಮೇಲಿನಿಂದ ಒಂದು ಹನಿಯೂ ಬೇಡ. ಮಾರ್ಚ್‌ನಲ್ಲಿ ಎಲೆ ಹಳದಿಯಾದರೆ ಗಿಡ ಸತ್ತಿತು ಅಂತ ಎಸೆಯಬೇಡಿ, ಅವ್ವನ ಮನೆಗೆ ಕಳಿಸಿಬಿಡಿ.

ಮಂಜಿನಮನೆ, ಮಡಿಕೇರಿ – ಸೆಪ್ಟೆಂಬರ್ 6

ಕೈಲ್ ಪೊಳ್ದ್ ಮುಗಿಯಿತು. ಎರಡು ದಿನದಿಂದ ಬಿಸಿಲು ಕೂಡ ಬಂದಿದೆ. ಗೆಡ್ಡೆ ಎಬ್ಬಿಸುವ ಕಾಲ ಬಂತಾ? ಮಣ್ಣು ಏನು ಹಾಕಲಿ? ನಮ್ಮ ತೋಟದ ಕೆಂಪು ಮಣ್ಣು ಆಗುತ್ತದಾ?

ಗದ್ದೆಬದಿ, ವಿರಾಜಪೇಟೆ – ಸೆಪ್ಟೆಂಬರ್ 6

ಬಂತು. ಕೆಂಪು ಮಣ್ಣೊಂದನ್ನೇ ಹಾಕಬೇಡಿ, ನೀರು ಬಿದ್ದರೆ ಅಂಟಾಗಿ ಗಟ್ಟಿಯಾಗುತ್ತದೆ. ಕಾಫಿ ಗಿಡದ ಬುಡದಲ್ಲಿ ತರಗೆಲೆ ಕೊಳೆತು ಕಪ್ಪು ಪುಡಿಯಾಗಿರುತ್ತದಲ್ಲ, ಅದನ್ನು ಜರಡಿ ಹಿಡಿದು ಎರಡು ಪಾಲು ತೆಗೆದುಕೊಳ್ಳಿ. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ದಪ್ಪ ಹೊಳೆ ಮರಳು ಒಂದು ಪಾಲು, ಪುಡಿ ಮಾಡಿದ ಇದ್ದಿಲು ಒಂದು ಹಿಡಿ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಮಿಶ್ರಣ ತಾನಾಗಿ ಒಡೆಯಬೇಕು. ಹಸಿ ಸಗಣಿ ಗೊಬ್ಬರ ಹತ್ತಿರವೂ ತರಬೇಡಿ.

ಕುಂಡ ದೊಡ್ಡದು ಬೇಡ. ಗೆಡ್ಡೆಯ ಸುತ್ತ ಎರಡು ಬೆರಳು ಜಾಗ ಇದ್ದರೆ ಸಾಕು. ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಗೆಡ್ಡೆಯ ಮೇಲಿನ ಅರ್ಧ ಮಣ್ಣಿನಿಂದ ಹೊರಗೆ ಕಾಣಬೇಕು. ಇದು ಮುಖ್ಯ. ನಮ್ಮ ಕೈ ಅಭ್ಯಾಸ ಗೆಡ್ಡೆ ಅಂದರೆ ಹೂಳುವುದು. ಸುವರ್ಣಗೆಡ್ಡೆ, ಶುಂಠಿ ಎಲ್ಲ ಹಾಗೇ. ಇದನ್ನು ಹೂತರೆ ನೆತ್ತಿಯಲ್ಲಿ ನೀರು ನಿಂತು ಕೊಳೆಯುತ್ತದೆ.

ನೀರು ಕೆಳಗಿನಿಂದ. ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಕುಂಡ ಕೂರಿಸಿ. ಹದಿನೈದು–ಇಪ್ಪತ್ತು ನಿಮಿಷದಲ್ಲಿ ಕುಡಿದಷ್ಟು ಕುಡಿಯಲಿ, ಉಳಿದದ್ದನ್ನು ಚೆಲ್ಲಿ. ಮತ್ತೆ ಯಾವಾಗ ಅಂದರೆ, ಕುಂಡ ಎತ್ತಿ ನೋಡಿ. ಹಗುರವಾದಾಗ. ಮೊದಲ ತಿಂಗಳು ಎಲೆ ಕಡಿಮೆ, ಕುಡಿಯುವುದೂ ಕಡಿಮೆ.

ಮಂಜಿನಮನೆ, ಮಡಿಕೇರಿ – ಅಕ್ಟೋಬರ್ 20

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಬಂದೆವು. ಹೋಗುವಾಗ ಒಂಬತ್ತು ಎಲೆ ಇತ್ತು, ನೋಡಲು ಕಣ್ಣಿಗೆ ಹಬ್ಬ. ಇವತ್ತು ಬೆಳಿಗ್ಗೆ ಎಲ್ಲ ಎಲೆ ಜೋತು ಬಿದ್ದಿವೆ. ಕೆಲವು ಅಂಚಿನಲ್ಲಿ ಮುದುಡಿವೆ. ಸೈಕ್ಲಮೆನ್‌ಗೆ ಮೈಟ್ ಅನ್ನುವ ನುಸಿ ಬರುತ್ತದೆ ಅಂತ ಓದಿದ್ದೆ. ಕೈಕಾಲು ಆಡುತ್ತಿಲ್ಲ. ಔಷಧಿ ಹೊಡೆಯಬೇಕಾ?

ಗದ್ದೆಬದಿ, ವಿರಾಜಪೇಟೆ – ಅಕ್ಟೋಬರ್ 20

ಔಷಧಿ ಮುಟ್ಟಬೇಡಿ. ಮೂರು ಪ್ರಶ್ನೆ. ಮುದುಡಿದ್ದು ನಡುವಿನ ಎಳೆ ಎಲೆಯಾ, ಹೊರಗಿನ ದೊಡ್ಡ ಎಲೆಯಾ? ಗೆಡ್ಡೆ ಗಟ್ಟಿ ಇದೆಯಾ? ನೀರು ಕೊಟ್ಟು ಎಷ್ಟು ದಿನ ಆಯ್ತು?

ಮಂಜಿನಮನೆ, ಮಡಿಕೇರಿ – ಅಕ್ಟೋಬರ್ 20

ಹೊರಗಿನ ದೊಡ್ಡ ಎಲೆಗಳು. ಗೆಡ್ಡೆ ಗಟ್ಟಿ ಇದೆ. ನೀರು ಕೊಟ್ಟು ಹನ್ನೊಂದು ದಿನ. ಕೊಳೆಯುತ್ತದೆ ಅಂತ ಹೆದರಿ ಕೊಟ್ಟಿರಲಿಲ್ಲ.

ಗದ್ದೆಬದಿ, ವಿರಾಜಪೇಟೆ – ಅಕ್ಟೋಬರ್ 20

ಮೈಟ್ ಅಲ್ಲ. ಅದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು, ನಡುವಿನ ಎಳೆಯ ಎಲೆ, ಮೊಗ್ಗುಗಳಲ್ಲೇ ಸೇರಿಕೊಳ್ಳುತ್ತದೆ. ಅದು ಬಂದರೆ ಹೊಸ ಎಲೆ ದಪ್ಪಗಾಗಿ ಸೊಟ್ಟ ಹುಟ್ಟುತ್ತದೆ, ಹಾಗಾದ ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಬೇಕು. ನಿಮ್ಮದಕ್ಕೆ ಬಾಯಾರಿಕೆ. ನಿದ್ದೆಯ ಕಾಲ ಮುಗಿದಿದೆ, ಈಗ ಇದು ಎಚ್ಚರದ ಗಿಡ. ಜೂನ್‌ನಲ್ಲಿ ನಾನು ಕೊಡಬೇಡಿ ಅಂದೆ, ಈಗ ಕೊಡಿ ಅನ್ನುತ್ತಿದ್ದೇನೆ. ಈಗಲೇ ತಟ್ಟೆಯಲ್ಲಿ ಕೂರಿಸಿ.

ಮಂಜಿನಮನೆ, ಮಡಿಕೇರಿ – ಅಕ್ಟೋಬರ್ 20, ಸಂಜೆ

ಎದ್ದು ನಿಂತಿತು. ಬೆಳಿಗ್ಗೆ ಹತ್ತಕ್ಕೆ ಕೂರಿಸಿದೆ, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಅರ್ಧ ಎದ್ದಿತ್ತು. ಈಗ ಒಂಬತ್ತು ಎಲೆಯೂ ನೆಟ್ಟಗಿವೆ. ನನಗೆ ಅಳು ಬಂತು.

ಶಾಂತಳ್ಳಿ ಮಳೆ, ಸೋಮವಾರಪೇಟೆ ತಾಲ್ಲೂಕು – ನವೆಂಬರ್ 15

ನನ್ನ ಉಳಿದ ಎರಡರಲ್ಲಿ ಒಂದು ಅರಳಿತು. ಕಡು ಕೆಂಪು. ಮಳೆಗಾಲದಲ್ಲಿ ಮಲಗಿಸದೆ ಇದ್ದುದರಿಂದ ಒಂದು ತಿಂಗಳು ಮೊದಲೇ ಬಂತು ಅಂತ ನನ್ನ ನಂಬಿಕೆ. ಆದರೆ ಎರಡು ಗಿಡ ಕೊಟ್ಟು ಒಂದು ತಿಂಗಳು ಕೊಂಡ ಹಾಗಾಯಿತು. ಮುಂದಿನ ಮಳೆಗಾಲಕ್ಕೆ ಒಂದನ್ನು ಮಲಗಿಸಿ, ಇನ್ನೊಂದನ್ನು ಎಚ್ಚರ ಇಟ್ಟು ನೋಡುತ್ತೇನೆ. ಮಂಜಿನಮನೆ ಅಕ್ಕ, ನಿಮ್ಮದರಲ್ಲಿ ಮೊಗ್ಗು ಬಂತಾ?

ಮಂಜಿನಮನೆ, ಮಡಿಕೇರಿ – ಡಿಸೆಂಬರ್ 9

ಹುತ್ತರಿ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಬಂತು. ಎಲೆ ಸರಿಸಿದರೆ ಗೆಡ್ಡೆಯ ಮೇಲೆ ಹದಿಮೂರು ಮೊಗ್ಗು, ಪುಟ್ಟ ಕೊಡೆ ಮಡಚಿಟ್ಟ ಹಾಗೆ ಸುರುಳಿ ಸುತ್ತಿವೆ. ಗೊಬ್ಬರ ಏನಾದರೂ ಕೊಡಲಾ? ನಮ್ಮ ಕಣದಲ್ಲಿ ಕಾಫಿ ಸಿಪ್ಪೆಯ ಹಳೇ ಗೊಬ್ಬರ ಇದೆ.

ಗದ್ದೆಬದಿ, ವಿರಾಜಪೇಟೆ – ಡಿಸೆಂಬರ್ 9

ಒಳ್ಳೆಯದೇ ಕೇಳಿದಿರಿ. ಕಾಫಿ ಸಿಪ್ಪೆಯಲ್ಲಿ ಪೊಟ್ಯಾಷ್ ಜಾಸ್ತಿ, ಹೂವಿಗೆ ಬೇಕಾದ್ದು ಅದೇ. ಚೆನ್ನಾಗಿ ಕಳಿತದ್ದಾದರೆ ಮಾತ್ರ. ಒಂದು ಹಿಡಿಯನ್ನು ಬಕೆಟ್ ನೀರಲ್ಲಿ ಎರಡು ದಿನ ನೆನೆಸಿ ಸೋಸಿ, ತೆಳು ಚಹಾ ಬಣ್ಣಕ್ಕೆ ಬರುವಷ್ಟು ನೀರು ಸೇರಿಸಿ, ತಟ್ಟೆಯಲ್ಲಿ ಕೊಡಿ. ಮೂರು ವಾರಕ್ಕೊಮ್ಮೆ ಸಾಕು. ಯೂರಿಯಾ ಬೇಡ. ಎಲೆ ಮಾತ್ರ ತುಂಬಿ, ಮೊಗ್ಗು ಒಳಗೇ ಉಸಿರುಗಟ್ಟುತ್ತದೆ.

ಹೊಳೆದಂಡೆ, ಕುಶಾಲನಗರ – ಜನವರಿ 11

ಸರ್, ಕುಂಡದೊಳಗೆ ಕುಂಡ ಮಾಡಿದೆ. ರಾತ್ರಿ ಹಿತ್ತಲ ಜಗಲಿ, ಬೆಳಿಗ್ಗೆ ಪೂರ್ವದ ಕಿಟಕಿ. ಹೊರಗಿಡುವ ಕೆಲಸ ಅಮ್ಮ ವಹಿಸಿಕೊಂಡಿದ್ದಾರೆ, ನಾನು ಮರೆತರೂ ಅವರು ಮರೆಯುವುದಿಲ್ಲ. ಈ ಸಲ ಹದಿನೆಂಟು ಮೊಗ್ಗಿನಲ್ಲಿ ಹದಿನಾಲ್ಕು ಅರಳಿವೆ.

ಮಂಜಿನಮನೆ, ಮಡಿಕೇರಿ – ಜನವರಿ 14

ನಾಳೆ ಸಂಕ್ರಾಂತಿ. ನನ್ನ ಕಿಟಕಿಯಲ್ಲಿ ಒಂಬತ್ತು ಹೂ. ಊಟಿಯಿಂದ ತಂದಾಗ ಇದ್ದಷ್ಟು ದೊಡ್ಡದಲ್ಲ, ದಂಟೂ ಸ್ವಲ್ಪ ಗಿಡ್ಡ. ಆದರೆ ಇದು ನಮ್ಮ ಮನೆಯಲ್ಲೇ ಮಲಗಿ, ನಮ್ಮ ಮನೆಯಲ್ಲೇ ಎದ್ದ ಗಿಡ. ಬೆಳಗಿನ ಮಂಜು ಕಿಟಕಿಗೆ ಬಂದು ನಿಂತಾಗ ಬಿಳಿ ಎಸಳು ಕಾಣುವುದಿಲ್ಲ, ಗುಲಾಬಿ ಅಂಚು ಮಾತ್ರ ಗಾಳಿಯಲ್ಲಿ ತೇಲಿದ ಹಾಗಿರುತ್ತದೆ.

ಇದರಿಂದ ಇನ್ನೊಂದು ಗಿಡ ಮಾಡಬಹುದಾ ಸರ್? ಗೆಡ್ಡೆ ಹೋಳು ಮಾಡಿ?

ಗದ್ದೆಬದಿ, ವಿರಾಜಪೇಟೆ – ಜನವರಿ 14

ಗೆಡ್ಡೆಗೆ ಚಾಕು ಬೇಡ, ಕೊಳೆಯುತ್ತದೆ. ಬೀಜ ಕಟ್ಟಿಸಿ. ಬಾಗಿದ ಹೂವಿನ ಕೆಳಗೆ ಹೆಬ್ಬೆರಳಿನ ಉಗುರು ಹಿಡಿದು ಮೆಲ್ಲಗೆ ತಟ್ಟಿ. ಹಳದಿ ಪರಾಗ ಉಗುರಿನ ಮೇಲೆ ಬೀಳುತ್ತದೆ. ಹೂವಿನ ನಡುವಿನಿಂದ ಒಂದು ಸಣ್ಣ ಕಡ್ಡಿ ಹೊರಗೆ ಚಾಚಿರುತ್ತದೆ, ಅದರ ತುದಿಗೆ ಒತ್ತಿ. ಹಾಗೆ ಮಾಡಿದ ಹೂವಿನ ಎಸಳು ಬೇಗ ಉದುರುತ್ತದೆ, ಗಾಬರಿ ಬೇಡ. ಮೂರು–ನಾಲ್ಕು ಹೂವಿಗೆ ಮಾತ್ರ ಮಾಡಿ, ಉಳಿದದ್ದು ನೋಡಲು ಇರಲಿ.

ಕಾಯಿ ಮಾಗಲು ಕೆಲವು ತಿಂಗಳು ಬೇಕು. ಬೀಜವನ್ನು ಅಕ್ಟೋಬರ್ ತನಕ ಕಾಗದದ ಪೊಟ್ಟಣದಲ್ಲಿ ಇಡಿ. ಆಮೇಲೆ ಒಂದು ರಾತ್ರಿ ನೆನೆಸಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಪೂರ್ತಿ ಕತ್ತಲಲ್ಲಿ ಇಡಬೇಕು. ಬೆಳಕು ಬಿದ್ದರೆ ಮೊಳೆಯುವುದಿಲ್ಲ. 15ರಿಂದ 18 ಡಿಗ್ರಿ ಇದ್ದರೆ ಐದಾರು ವಾರ. ಮೊದಲು ಒಳಗೆ ಸಾಸಿವೆಯಷ್ಟು ಗೆಡ್ಡೆ ಕಟ್ಟಿ, ಆಮೇಲೆ ಒಂದೇ ಒಂದು ಎಲೆ ಮೇಲೆ ಬರುತ್ತದೆ. ಆ ಗಿಡವನ್ನು ಮೊದಲ ಮಳೆಗಾಲದಲ್ಲಿ ಮಲಗಿಸಬೇಡಿ, ಗೆಡ್ಡೆ ಚಿಕ್ಕದು, ತಡೆಯುವುದಿಲ್ಲ. ಆಗ ಶಾಂತಳ್ಳಿಯವರ ಫ್ಯಾನ್ ಕ್ರಮವೇ ಬೇಕು. ಹೂ ಬರಲು ಒಂದು ವರ್ಷಕ್ಕಿಂತ ಮೇಲೆ.

ಮಂಜಿನಮನೆ, ಮಡಿಕೇರಿ – ಮಾರ್ಚ್ 21

ನಿನ್ನೆ ಹೂಮಳೆ ಬಂತು. ಇನ್ನು ಒಂದು ವಾರಕ್ಕೆ ಕಾಫಿ ಹೂ ಅರಳಿ ತೋಟ ಪೂರ್ತಿ ಬೆಳ್ಳಗೆ. ಒಳಗೆ ಸೈಕ್ಲಮೆನ್ ಎಲೆ ಒಂದೊಂದೇ ಹಳದಿಯಾಗುತ್ತಿದೆ. ಈ ಸಲ ನೀರು ಜಾಸ್ತಿ ಹಾಕಲಿಲ್ಲ. ತಟ್ಟೆಯಲ್ಲಿ ಕೂರಿಸುವುದನ್ನು ವಾರಕ್ಕೊಮ್ಮೆಗೆ ಇಳಿಸಿದ್ದೇನೆ.

ಉಗುರಿನಿಂದ ನಾಲ್ಕು ಹೂವಿಗೆ ಪರಾಗ ಹಚ್ಚಿದ್ದೆ. ಮೂರು ಕಾಯಿ ನಿಂತಿವೆ, ಬಟಾಣಿಗಿಂತ ದೊಡ್ಡದು, ದಂಟು ಬಾಗಿ ಮಣ್ಣಿಗೆ ತಾಗುವಷ್ಟು ಕೆಳಗೆ ಬಂದಿವೆ. ಒಂದು ಕಾಯಿ ಶಾಂತಳ್ಳಿಗೆ, ಹೋದ ಎರಡರ ಜಾಗಕ್ಕೆ. ಒಂದು ಕುಶಾಲನಗರದ ಅಮ್ಮನಿಗೆ. ಮೂರನೆಯದು ನನಗೆ. ಗದ್ದೆಬದಿ ಸರ್, ನಿಮ್ಮಲ್ಲಿ ಬಿಳಿ ಎಸಳಿಗೆ ಗುಲಾಬಿ ಅಂಚಿನದು ಇಲ್ಲ ಅಂತಾದರೆ ಹೇಳಿ, ನನ್ನ ಪಾಲಿನಲ್ಲಿ ಅರ್ಧ ಕಳಿಸುತ್ತೇನೆ. ಬೀಜದಿಂದ ಅದೇ ಬಣ್ಣ ಬರುತ್ತದಾ?

ಗದ್ದೆಬದಿ, ವಿರಾಜಪೇಟೆ – ಮಾರ್ಚ್ 21

ಬರಬಹುದು, ಬರದೆಯೂ ಇರಬಹುದು. ಮಿಶ್ರತಳಿಯಾದರೆ ಒಂದೊಂದು ಬೀಜ ಒಂದೊಂದು ಬಣ್ಣ. ಕಳಿಸಿ, ಬಿತ್ತುತ್ತೇನೆ.